ಜೋಳದ ಕಾಳು, ಹಿಟ್ಟು, ರೊಟ್ಟಿ

ಧಾನ್ಯವು ಕಾಳಿನ ರೂಪದಲ್ಲಿ ವರ್ಷಗಟ್ಟಲೆ ಬಾಳುತ್ತದೆ; ಹಿಟ್ಟಾದೊಡನೆ ಅದರ ಆಯುಷ್ಯವು ಕೆಲವು ವಾರಗಳಿಗೆ ಇಳಿಯುತ್ತದೆ. ಉತ್ತರ ಕರ್ನಾಟಕದ ಜೋಳದ ಬೇಸಾಯ, ಸಂಗ್ರಹ ಮತ್ತು ಪಾಕಗಳ ವ್ಯವಸ್ಥೆಯೆಲ್ಲವೂ ಈ ಒಂದು ಸತ್ಯವನ್ನು ಆಧರಿಸಿ ಬೆಳೆದುಬಂದುದಾಗಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಇಂದು ನಗರಗಳ ಅಂಗಡಿಗಳಲ್ಲಿ ಜೋಳದ ಹಿಟ್ಟು ಪೊಟ್ಟಣಗಳಲ್ಲಿ ದೊರೆಯುತ್ತಿದೆ. ಇಂತಹ ಸಂದರ್ಭದಲ್ಲಿ ಆ ವ್ಯವಸ್ಥೆಯ ಒಳಗುಟ್ಟನ್ನು ವಿವೇಚಿಸುವುದು ಉಚಿತವಾಗಿದೆ.

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಮೊದಲಾದ ಜಿಲ್ಲೆಗಳ ಎರೆಭೂಮಿಯಲ್ಲಿ ಬಿಳಿಜೋಳವು ಹಿಂಗಾರಿ ಬೆಳೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಕೂರಿಗೆಯಿಂದ ಬಿತ್ತಿದ ಪೈರು ಮಣ್ಣು ಹಿಡಿದಿಟ್ಟ ತೇವವನ್ನೇ ಆಶ್ರಯಿಸಿ ಬೆಳೆದು ಫೆಬ್ರವರಿ-ಮಾರ್ಚ್ ವೇಳೆಗೆ ಕೊಯ್ಲಿಗೆ ಬರುತ್ತದೆ. ಎಡೆಕುಂಟೆ ಹೊಡೆದು ನೆಲದ ಬಿರುಕುಗಳನ್ನು ಮುಚ್ಚುವುದು ಆ ತೇವವನ್ನು ಕಾಪಾಡುವ ಉಪಾಯ. ಕೊಟ್ಟಿಗೆಯ ಗೊಬ್ಬರ, ಹೊಲದಲ್ಲಿ ಕುರಿಹಿಂಡು ತರುಬುವುದು, ಅಕ್ಕಡಿಯಾಗಿ ಕುಸುಬೆ ಹಾಕುವುದು, ಕಡಲೆಯೊಡನೆ ಬೆಳೆ ಬದಲಿಸುವುದು, ಇವು ಭೂಮಿಯ ಸತ್ವವನ್ನು ಉಳಿಸುವ ಹಳೆಯ ಕ್ರಮಗಳು. ತೆನೆ ಬಲಿಯುವಾಗ ಸಾಮಾನ್ಯವಾಗಿ ಮಳೆಯಿಲ್ಲದ ಕಾರಣ ಕಾಳಿಗೆ ಬೂಷ್ಟು ಹಿಡಿಯುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ಕೆಯಾದ ಎಂ 35-1 ಎಂಬ ಮಾಲದಂಡಿ ತಳಿಯು ರೊಟ್ಟಿಯ ಗುಣದಿಂದ ಇಂದಿಗೂ ಜನಪ್ರಿಯವಾಗಿದೆ.

ರಾಶಿಯಾದ ಜೋಳವನ್ನು ಕಾಯ್ದಿಡುವ ಪ್ರಾಚೀನ ಸಾಧನ ಹಗೇವು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಡಲು ಅಗಲವಾಗಿ ತೋಡಿದ ಈ ನೆಲಗುಣಿಯ ಸುತ್ತ ಒಣಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಕಾಳನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಾರೆ. ಹಲ್ಲಿನಿಂದ ಕಡಿದಾಗ ಕಾಳು ಕಟ್ಟೆಂದು ಮುರಿದರೆ ಅದು ಒಣಗಿದೆಯೆಂದು ರೈತರು ನಿಶ್ಚಯಿಸುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ತೇವಾಂಶವು ಶೇಕಡಾ 12ನ್ನು ಮೀರಬಾರದು. ಕಾಳು ಜೀವವುಳ್ಳದ್ದು, ಉಸಿರಾಡುವಂಥದ್ದು. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುಗಳೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುವುದರಿಂದ ಕ್ರಮೇಣ ಹುಳುಗಳು ಉಸಿರು ಕಟ್ಟಿ ಸಾಯುತ್ತವೆ. ಔಷಧವಿಲ್ಲದೆಯೇ ಧಾನ್ಯವು ಉಳಿಯುತ್ತದೆ. ಆದರೆ ಅದೇ ಗಾಳಿ ಮನುಷ್ಯನಿಗೂ ಮಾರಕ. ಆದಕಾರಣ ಹಗೇವನ್ನು ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಸಿ ನೋಡುವ ರೂಢಿ ಬಂದಿತು. ದೀಪವು ಆರಿದರೆ ಒಳಗೆ ಇಳಿಯಲಾಗದು. ನೀರಾವರಿಯಿಂದ ಅಂತರ್ಜಲವು ಮೇಲೇರಿದ ನೆಲದಲ್ಲಿ ಹಗೇವಿಗೆ ತೇವವು ಒಸರುತ್ತದೆ. ಅಲ್ಲಿ ಅದು ನಿರುಪಯೋಗಿ.

ಇಷ್ಟುಕಾಲ ಬಾಳುವ ಕಾಳು ಹಿಟ್ಟಾದೊಡನೆ ಕೆಡುವುದೇಕೆ? ಜೋಳದ ಕಾಳಿಗೆ ಹೊರಗಿನ ತೌಡು, ನಡುವಿನ ಪಿಷ್ಟ, ಮೂಲೆಯಲ್ಲಿನ ಮೊಳಕೆಯ ಭಾಗ ಎಂದು ಮೂರು ಅಂಗಗಳುಂಟು. ಎಣ್ಣೆಯ ಬಹುಭಾಗವು ಮೊಳಕೆಯ ಭಾಗದಲ್ಲಿದೆ. ಕಾಳು ಇಡಿಯಾಗಿರುವವರೆಗೆ ಅದು ಸುರಕ್ಷಿತ. ಬೀಸಿದಾಗ ಎಣ್ಣೆಯು ಗಾಳಿಗೂ ಕಾಳಿನೊಳಗಿನ ಕಿಣ್ವಗಳಿಗೂ ಈಡಾಗಿ ಕಮಟು ವಾಸನೆಯನ್ನೂ ಕಹಿಯನ್ನೂ ತಾಳುತ್ತದೆ. ಮೈದಾಹಿಟ್ಟು ಬಹುಕಾಲ ಉಳಿಯುವುದಕ್ಕೆ ಗೋಧಿಯ ತೌಡನ್ನೂ ಮೊಳಕೆಯನ್ನೂ ಅದರಿಂದ ಬೇರ್ಪಡಿಸಿರುವುದೇ ಮುಖ್ಯ ಕಾರಣ. ಹಿಟ್ಟಿಗೆ ದೀರ್ಘಾಯುಷ್ಯವು ಬರುವುದು ಕಾಳಿನ ಸತ್ವವನ್ನು ತೆತ್ತ ಮೇಲೆಯೇ.

ಹಿಂದಿನ ಮನೆಗಳಲ್ಲಿ ನಸುಕಿನಲ್ಲೆದ್ದು ಆಯಾ ದಿನಕ್ಕೆ ಬೇಕಾದಷ್ಟನ್ನೇ ಬೀಸುತ್ತಿದ್ದುದರ ಕಾರಣ ಇದರಿಂದ ಸ್ಪಷ್ಟವಾಗುತ್ತದೆ. ಬೀಸುವ ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಹೆಚ್ಚು ಕಾಯುವುದಿಲ್ಲ. ಆದರೆ ಅದರ ಭಾರವನ್ನು ಹೊತ್ತವರು ಸ್ತ್ರೀಯರೆಂಬುದನ್ನು ಮರೆಯಲಾಗದು. ಆ ದುಡಿಮೆಯಿಂದಲೇ ಬೀಸುವ ಪದಗಳು ಹುಟ್ಟಿದವು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಅಂತಹ ತ್ರಿಪದಿಗಳ ಭಂಡಾರ. ಧಾನ್ಯವನ್ನು ಕುಟ್ಟುವುದನ್ನೇ ಕಾಯಕವಾಗಿಸಿಕೊಂಡ ಕೊಟ್ಟಣದ ಸೋಮಮ್ಮನು 12ನೆಯ ಶತಮಾನದ ವಚನಕಾರ್ತಿಯರಲ್ಲಿ ಒಬ್ಬಳೆಂಬುದೂ ಇಲ್ಲಿ ಸ್ಮರಣೀಯ.

ಜೋಳದಲ್ಲಿ ಗೋಧಿಯಂತೆ ನಾರುನಾರಾಗಿ ಹಿಗ್ಗುವ ಅಂಟು ಇಲ್ಲ. ಕುದಿನೀರು ಬಿದ್ದಾಗ ಪಿಷ್ಟದ ಅಂಶವು ಬೆಂದು ಜಿಗಿಯಾಗುತ್ತದೆ. ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಹಳತಾದ ಹಿಟ್ಟಿನ ರೊಟ್ಟಿಯು ತಟ್ಟುವಾಗಲೇ ಹರಿಯುವುದನ್ನು ಗೃಹಿಣಿಯರು ಬಲ್ಲರು. ಬೇಯಿಸಿ ತೇವವನ್ನು ಪೂರ್ಣವಾಗಿ ಆರಿಸಿದ ಖಡಕ್ ರೊಟ್ಟಿಯಾದರೋ ಅನೇಕ ವಾರ ಉಳಿಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳ ಭಕ್ತರು ಮುಂಚಿತವಾಗಿಯೇ ರೊಟ್ಟಿ ಮಾಡಿ ತಂದೊಪ್ಪಿಸಲು ಸಾಧ್ಯವಾಗಿರುವುದು ಈ ಗುಣದಿಂದಲೇ.

ಬೀಸುವ ಕಲ್ಲಿನ ಶ್ರಮವು ಮರಳಿ ಬರಬೇಕಾಗಿಲ್ಲ. ಆದರೆ ಅದು ಕಲಿಸಿದ ವಿವೇಕವು ಅಳಿಯಬಾರದು. ಕಾಳನ್ನು ಒಣಗಿಸಿ ಬಿಗಿಯಾದ ಪಾತ್ರೆಯಲ್ಲಿಡುವುದು, ವಾರಕ್ಕೆ ಸಾಲುವಷ್ಟನ್ನೇ ಗಿರಣಿಗೆ ಒಯ್ಯುವುದು, ಬಿಸಿಹಿಟ್ಟನ್ನು ಹರಡಿ ಆರಿದ ಮೇಲೆಯೇ ಮುಚ್ಚಿಡುವುದು, ಇಷ್ಟು ಇಂದಿನ ಯಾವ ಮನೆಗೂ ಸಾಧ್ಯ. ಕೂಡಿಡಬೇಕಾದುದು ಕಾಳನ್ನು, ಹಿಟ್ಟನ್ನಲ್ಲ.