ವೃದ್ಧಾಶ್ರಮದಲ್ಲಿ ಎದುರು ಕೂತು ಹಾಡುವವರು

ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಹೆಸರನ್ನು ನಮ್ಮ ಹಿರಿಯರಲ್ಲಿ ಕೆಲವರಾದರೂ ಕೇಳಿರುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರನ್ನು 1952ರಲ್ಲಿ ಭೇಟಿಯಾಗಿ, ಅವರಿಂದ ಯೋಗ ಕಲಿತವರು ಇವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೆನುಹಿನ್ ಸೈನಿಕರ ಮುಂದೆ ನುಡಿಸಿದರು. 1945ರಲ್ಲಿ ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಬದುಕುಳಿದವರಿಗಾಗಿಯೂ ನುಡಿಸಿದರು. ಸಭಾಂಗಣಕ್ಕೆ ಬರಲಾಗದವರ ಬಳಿಗೆ ಸಂಗೀತವೇ ಹೋಗಬೇಕೆಂದು 1977ರಲ್ಲಿ ಇಯಾನ್ ಸ್ಟೌಟ್ಜ್ಕರ್ ಅವರ ಜೊತೆ ಇಂಗ್ಲೆಂಡಿನಲ್ಲಿ 'ಲೈವ್ ಮ್ಯೂಸಿಕ್ ನೌ' ಎಂಬ ಸಂಸ್ಥೆ ಕಟ್ಟಿದರು. ತರಬೇತಿ ಪಡೆದ ಯುವ ಕಲಾವಿದರನ್ನು ಸಂಭಾವನೆ ಕೊಟ್ಟು ವೃದ್ಧರ ಆರೈಕೆ ಮನೆಗಳಿಗೆ, ಆಸ್ಪತ್ರೆಗಳಿಗೆ, ವಿಶೇಷ ಶಾಲೆಗಳಿಗೆ ಕಳಿಸುವುದು ಅದರ ಕೆಲಸ. ಸಂಭಾವನೆ ಕೊಡುತ್ತಾರೆ ಎನ್ನುವುದು ವ್ಯಾಪಾರಿಯಾದ ನನಗೆ ಮುಖ್ಯವಾಗಿ ಕಂಡಿತು. ಪುಕ್ಕಟೆ ಸೇವೆ ನಾಲ್ಕು ದಿನ ನಡೆಯುತ್ತದೆ, ಲೆಕ್ಕವಿಟ್ಟು ನಡೆಸಿದ್ದು ನಿಲ್ಲುತ್ತದೆ.

ಅಲ್ಲಿನ ಆರೈಕೆ ಮನೆಗಳಲ್ಲಿರುವ ಬಹಳ ಮಂದಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇರುತ್ತದೆ. ಸ್ನಾನ, ಮಾತ್ರೆ, ಊಟ, ಟಿ.ವಿ., ನಿದ್ರೆ, ದಿನ ಹೀಗೇ ಕಳೆಯುತ್ತದೆ. ಅಂಥ ಕಡೆ ಒಬ್ಬಿಬ್ಬರು ಕಲಾವಿದರು ಬಂದು, ವೇದಿಕೆ ಹತ್ತದೆ, ಅವರ ನಡುವೆಯೇ ಕೂತು ಹಾಡುತ್ತಾರೆ.

ರೇಡಿಯೋ, ಮೊಬೈಲು ಇರುವಾಗ ಇದೇಕೆ ಎಂದು ಕೇಳಬಹುದು. ರೆಕಾರ್ಡಿಂಗ್‌ಗೆ ಎದುರಿಗಿರುವವರು ಕಾಣಿಸುವುದಿಲ್ಲ. ಹಾಡುವ ಮನುಷ್ಯನಿಗೆ ಕಾಣಿಸುತ್ತದೆ. ಒಬ್ಬ ಅಜ್ಜಿಯ ಬೆರಳು ಕುರ್ಚಿಯ ಮೇಲೆ ತಾಳ ಹಾಕಿತೆಂದರೆ ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತಾನೆ. ಯಾರೋ ಬೆಚ್ಚಿದರೆ ದನಿ ತಗ್ಗಿಸುತ್ತಾನೆ, ಹಿಂದುಳಿದವರಿಗಾಗಿ ಲಯ ನಿಧಾನ ಮಾಡುತ್ತಾನೆ. ಮರೆವಿನ ಕಾಯಿಲೆಯಲ್ಲಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ಎಳೆಯ ವಯಸ್ಸಿನಲ್ಲಿ ಕಲಿತ ಹಾಡು ಬಹಳ ಕಾಲ ಉಳಿಯುತ್ತದೆ. ಮಗನ ಹೆಸರು ಮರೆತವರೂ ಹಾಡಿನ ಮುಂದಿನ ಸಾಲು ಹೇಳುವುದುಂಟು. ಇದರಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಚಡಪಡಿಕೆ ಸ್ವಲ್ಪ ತಗ್ಗಬಹುದು, ಒಂಟಿತನ ಕಡಿಮೆಯಾಗಬಹುದು, ಅಷ್ಟೇ. ಆ ವಯಸ್ಸಿಗೆ ಅದೇನು ಕಡಿಮೆಯಲ್ಲ.

ಸಿಬ್ಬಂದಿಯ ಮಾತು ಯಾರೂ ಎತ್ತುವುದಿಲ್ಲ. ಮೈ ತೊಳೆಸುವುದು, ಹಾಸಿಗೆ ಬದಲಿಸುವುದು, ಬೈಗುಳ ಕೇಳುವುದು, ಕಡಿಮೆ ಸಂಬಳ. ಹಲವು ದೇಶಗಳಲ್ಲಿ ಈ ಕೆಲಸ ಬಿಟ್ಟು ಹೋಗುವವರು ಹೆಚ್ಚು. ಎಂದೂ ಬಾಯಿಬಿಡದ ಅಜ್ಜ ಹಾಡಿದ್ದನ್ನು ಕಂಡ ಆಯಾಗೆ ಆತ ಮಂಚದ ನಂಬರ್ ಆಗಿ ಉಳಿಯುವುದಿಲ್ಲ. ಮರುದಿನ ಸ್ನಾನಕ್ಕೆ ಕರೆದೊಯ್ಯುವಾಗ ಅದೇ ಹಾಡನ್ನು ಗುನುಗಿದರೆ ಆತ ಕೈ ಕೊಸರಿಕೊಳ್ಳದೆ ಬರಬಹುದು. ಕೆಲಸ ಹಗುರಾಗುತ್ತದೆ, ಮಾತಿಗೂ ಒಂದು ವಿಷಯ ಸಿಗುತ್ತದೆ. ಆದ್ದರಿಂದ ಹಾಡಿನ ಹೊತ್ತಿನಲ್ಲಿ ಸಿಬ್ಬಂದಿಯನ್ನು ಬೇರೆ ಕೆಲಸಕ್ಕೆ ಅಟ್ಟದೆ ಜೊತೆಗೆ ಕೂರಿಸಬೇಕು. 2018ರಲ್ಲಿ ವಿಂಚೆಸ್ಟರ್ ವಿಶ್ವವಿದ್ಯಾಲಯದವರು ಆರೈಕೆ ಮನೆಗಳಲ್ಲಿ ನಡೆಸಿದ ಅಧ್ಯಯನವೂ ನಿವಾಸಿಗಳಿಗೆ, ಸಿಬ್ಬಂದಿಗೆ, ಮನೆಯ ವಾತಾವರಣಕ್ಕೆ ಮೂರಕ್ಕೂ ಪ್ರಯೋಜನವಿದೆ ಎಂದಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕಲೆ ಮತ್ತು ಆರೋಗ್ಯದ ಕುರಿತು ದೊಡ್ಡ ವರದಿ ಹೊರತಂದಿತು.

ನಮ್ಮಲ್ಲಿ ಮಹಾವೀರ ಜಯಂತಿಗೋ ಹುಟ್ಟುಹಬ್ಬಕ್ಕೋ ವೃದ್ಧಾಶ್ರಮಕ್ಕೆ ಹೋಗಿ ಹಣ್ಣು ಹಂಚಿ, ಧ್ವನಿವರ್ಧಕ ಹಚ್ಚಿ ಭಜನೆ ಹಾಡಿ, ಫೋಟೋ ತೆಗೆಸಿಕೊಂಡು ಬರುವುದು ರೂಢಿ. ಅದನ್ನು ಬೇಡವೆನ್ನುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಐವತ್ತು ಜನ ಹೋಗುವ ಬದಲು, ಪ್ರತಿ ವಾರ ಇಬ್ಬರು ಹೋಗುವುದು ಲೇಸು. ಬಸದಿಗಳಲ್ಲಿ ಪೂಜೆಯ ಹಾಡು ಹೇಳುವ ಮಹಿಳಾ ಸಮಾಜದ ಸಹೋದರಿಯರಿಗೆ ಬೇರೆ ತಯಾರಿಯೇ ಬೇಡ, ಒಂದು ಹಾರ್ಮೋನಿಯಂ ಸಾಕು. ಮೊದಲು ಅವರ ಮನೆಯವರನ್ನು ಕೇಳಿ ಯಾರಿಗೆ ಯಾವ ಹಾಡು ಇಷ್ಟವೆಂದು ಬರೆದಿಟ್ಟುಕೊಳ್ಳಿ. ಕೆಲವರಿಗೆ ಸ್ತೋತ್ರ ಬೇಕು, ಕೆಲವರಿಗೆ ಹಳೆಯ ಸಿನಿಮಾ ಹಾಡೇ ಬೇಕು, ಅದನ್ನೂ ಹಾಡಿ. ಶ್ರವಣಯಂತ್ರ ಹಾಕಿಕೊಂಡವರಿಗೆ ಮೈಕಿನ ಸದ್ದು ಹಿಂಸೆ, ಬರಿಗಂಟಲೇ ಒಳ್ಳೆಯದು. ಬೇಡವೆಂದು ಎದ್ದು ಹೋಗುವವರನ್ನು ತಡೆಯಬೇಡಿ. ಮರೆವಿನವರಿಗೆ ಸಂಜೆಯಾಗುತ್ತಲೇ ಚಡಪಡಿಕೆ ಹೆಚ್ಚು. ನಮ್ಮ ಹಿರಿಯರಿಗೆ ಸೂರ್ಯಾಸ್ತದೊಳಗೆ ಊಟವೂ ಆಗಬೇಕು. ಹಾಗಾಗಿ ನಾಲ್ಕು ಗಂಟೆಗೆ ಶುರುಮಾಡಿ ಐದರೊಳಗೆ ಮುಗಿಸುವುದು ಸರಿ.