ಹಣ್ಣು ಬಿಡಿಸುವ ರೋಬಾಟ್

ಪ್ರಶ್ನೆ: ಹಣ್ಣು ಕೀಳಲು ರೋಬಾಟ್ ಬಂದಿದೆಯಂತೆ. ಕೂಲಿಯವರ ಕೆಲಸ ಹೋಗುತ್ತದೆಯೇ?

ಉತ್ತರ: ಎಲ್ಲ ಬೆಳೆಗಳಲ್ಲೂ ಒಟ್ಟಿಗೆ ಹೋಗುವುದಿಲ್ಲ. ಸೇಬನ್ನು ಕೊಳವೆಯಿಂದ ಹೀರಿ ಕೀಳುವ ಅಮೆರಿಕದ ‘ಅಬಂಡೆಂಟ್ ರೋಬಾಟಿಕ್ಸ್’ ಯಂತ್ರ 2019ರಲ್ಲಿ ನ್ಯೂಜಿಲೆಂಡಿನ ತೋಟಕ್ಕೆ ಇಳಿಯಿತು. 2021ರಲ್ಲಿ ಕಂಪನಿಯೇ ಮುಚ್ಚಿತು. ಎಲೆಮರೆಯ ಹಣ್ಣು ಕ್ಯಾಮೆರಾಗೆ ಸುಲಭವಾಗಿ ಕಾಣುವುದಿಲ್ಲ. ನುರಿತ ಕೈಯಾದರೋ ಸೇಬನ್ನು ಅಂಗೈಯಲ್ಲಿ ಹಿಡಿದು, ಮೇಲೆತ್ತಿ, ತುಸು ತಿರುಚುತ್ತದೆ. ತೊಟ್ಟು ಹಣ್ಣಿನಲ್ಲೇ ಉಳಿಯುತ್ತದೆ, ಮುಂದಿನ ವರ್ಷದ ಮೊಗ್ಗೂ ಮುರಿಯುವುದಿಲ್ಲ. ಈ ಕೈಚಳಕಕ್ಕೆ ನಾವು ಕೊಡುವ ಬೆಲೆ ತೀರ ಕಡಿಮೆ.

ಟೊಮೇಟೊದ ಕಥೆ ಬೇರೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಯಂತ್ರದ ಜೊತೆಗೆ ಅದಕ್ಕೊಪ್ಪುವ, ಒಟ್ಟಿಗೆ ಹಣ್ಣಾಗುವ ಗಟ್ಟಿ ತಳಿಯನ್ನೂ ರೂಪಿಸಿದರು. 1960ರ ದಶಕದಲ್ಲೇ ಅಲ್ಲಿ ಸಾಸ್‌ಗೆ ಹೋಗುವ ಟೊಮೇಟೊದ ಕೊಯ್ಲು ಯಂತ್ರದ ಪಾಲಾಯಿತು, ಸಾವಿರಾರು ಜನ ಕೂಲಿ ಕಳೆದುಕೊಂಡರು. ಈಗ ಸೇಬಿನ ಮರಗಳನ್ನೂ ತಂತಿಗೆ ಕಟ್ಟಿ ಗೋಡೆಯಂತೆ ಚಪ್ಪಟೆಯಾಗಿ ಬೆಳೆಸುತ್ತಿದ್ದಾರೆ; ಹಾಗೆ ಬೆಳೆದ ಮರದ ಹಣ್ಣು ಯಂತ್ರಕ್ಕೆ ಸುಲಭವಾಗಿ ಕಾಣುತ್ತದೆ. ನನಗೆ ಆತಂಕವಿರುವುದು ಅಲ್ಲಿ.