ಸಿಪಾಯಿಯ ಹೆಸರು ಉಳಿಸಿದ ಕಲ್ಲು

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಕೆರೂರಿನಿಂದ ಒಳದಾರಿ ಹಿಡಿದರೆ ಬಾದಾಮಿ, ಮುಂದೆ ಪಟ್ಟದಕಲ್ಲು, ಐಹೊಳೆ. ಈ ದಾರಿಯಲ್ಲಿ ಜನ ನೋಡಲು ಬರುವುದು ಗುಹೆ, ಗುಡಿಗಳನ್ನು. ಊರ ಗುಡಿಯ ಗೋಡೆಗೆ ಆತು ನಿಂತ, ಹೊಲದ ಬದುವಿನಲ್ಲಿ ಅರ್ಧ ಹೂತುಹೋದ ವೀರಗಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಅರಸನಿಗಾಗಿ, ಊರಿಗಾಗಿ ಹೋರಾಡಿ ಎಳೆವಯಸ್ಸಿನಲ್ಲೇ ಮಡಿದ ಸಾಮಾನ್ಯ ಆಳಿನ ಚರಿತ್ರೆ ಇರುವುದು ಅಲ್ಲಿಯೇ.

ಕ್ರಿ.ಶ. 634ರಲ್ಲಿ ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಚಾಲುಕ್ಯ ಅರಸ ಇಮ್ಮಡಿ ಪುಲಿಕೇಶಿಯ ಗೆಲುವುಗಳನ್ನು ಸಂಸ್ಕೃತದಲ್ಲಿ ಬರೆಸಿದ. ಕದಂಬರು, ಗಂಗರು, ಪಲ್ಲವರು, ಹರ್ಷವರ್ಧನ – ಎಲ್ಲರ ಹೆಸರೂ ಅದರಲ್ಲಿವೆ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಪುಲಿಕೇಶಿಯ ರಾಜಧಾನಿ ಬಾದಾಮಿಯನ್ನೇ ಗೆದ್ದು, ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಹಾಕಿಸಿದ. ಗೆದ್ದವರ ಮಾತು, ಸೋತವರ ಮಾತು ಎರಡೂ ನಮಗೆ ಸಿಕ್ಕಿವೆ. ಎರಡೂ ಕಡೆ ಕತ್ತಿ ಹಿಡಿದು ಸತ್ತವರ ಸುದ್ದಿ ಅರಸರ ಪ್ರಶಸ್ತಿಗಳಲ್ಲಿಲ್ಲ. ಆ ಕೊರತೆಯನ್ನು ತುಂಬಿದ್ದು ಊರವರು ನಿಲ್ಲಿಸಿದ ವೀರಗಲ್ಲು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತ. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ. ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವ ದೃಶ್ಯ. ಮೇಲೆ ಆತ ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಜೈನನಾಗಿದ್ದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ, ಚಂದ್ರ. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹವಿದ್ದರೆ ಆತನ ಹೆಸರು, ಆಳುತ್ತಿದ್ದ ಅರಸ, ಸಾವಿನ ಕಾರಣ ತಿಳಿಯುತ್ತವೆ. ಬರಹ ಬಹುಮಟ್ಟಿಗೆ ಕನ್ನಡದಲ್ಲೇ, ಊರವರಿಗೆ ತಿಳಿಯುವ ಮಾತಿನಲ್ಲಿ.

ಸಾವಿನ ಕಾರಣಗಳೂ ಹಲವು. ದನ ಹೊಡೆದುಕೊಂಡು ಹೋಗುವವರನ್ನು ತಡೆಯುವ ತುರುಗೊಳ್, ಹೆಣ್ಣುಮಕ್ಕಳ ಮಾನ ಕಾಯುವ ಪೆಣ್ಬುಯ್ಯಲ್, ಊರಿಗೆ ಬಿದ್ದ ಕೊಳ್ಳೆಯನ್ನು ಎದುರಿಸುವ ಊರಳಿವು. ಉಂಡ ಅನ್ನದ ಋಣಕ್ಕೆ ಪ್ರಾಣ ಕೊಡುವುದು ಜೋಳವಾಳಿ. ಜೋಳವೇ ಬದುಕಾಗಿರುವ ನಮ್ಮ ಸೀಮೆಯಲ್ಲಿ ಆ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಕಲ್ಲು ನಿಲ್ಲಿಸಿದಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಮಡಿದವನ ಮನೆಗೆ ಭೂಮಿ ಬಿಡುವ ಕ್ರಮವಿತ್ತು; ಶಾಸನಗಳಲ್ಲಿ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂದು ಬರುವ ದಾನಗಳು ಇವೇ. ಹೊಗಳಿಕೆ ಕಲ್ಲಿನ ಮೇಲಿದ್ದರೆ, ಅನ್ನ ಮನೆಯವರ ಪಾಲಿಗಿತ್ತು. ಈ ಕಾರಣಕ್ಕೆ ವೀರಗಲ್ಲನ್ನು ಬರೀ ಶಿಲ್ಪವೆಂದು ಕಂಡರೆ ಸಾಲದು, ಸತ್ತವನ ಕುಟುಂಬದೊಂದಿಗೆ ಸಮಾಜ ಮಾಡಿಕೊಂಡ ಒಪ್ಪಂದವೆಂದೂ ಕಾಣಬೇಕು.

ಎಷ್ಟೋ ಸಲ ಊರಿನ ಚರಿತ್ರೆಗೂ ಈ ಕಲ್ಲುಗಳೇ ಆಧಾರ. ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವುದು ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನದಲ್ಲಿ. ಅದು ಹೇಳುವುದು ಬೆಂಗಳೂರು ಕಾಳಗದಲ್ಲಿ ಸತ್ತವರ ಸುದ್ದಿಯನ್ನು. ಇಂಥ ಕಲ್ಲುಗಳನ್ನು ಊರೂರು ಸುತ್ತಿ ಅಧ್ಯಯನ ಮಾಡಿ ‘ಕರ್ನಾಟಕದ ವೀರಗಲ್ಲುಗಳು’ ಎಂಬ ದೊಡ್ಡ ಗ್ರಂಥ ಕೊಟ್ಟವರು ಆರ್. ಶೇಷಶಾಸ್ತ್ರಿ.

ಸಿಪಾಯಿಗಳನ್ನು ಕಳಿಸುವ ಹಳ್ಳಿಗಳು ಈಗಲೂ ನಮ್ಮ ಸುತ್ತಲೇ ಇವೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಮದ್ರಾಸ್ ರೆಜಿಮೆಂಟಿನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಆರು ದಿನ ಹಿಮದಡಿ ಸಿಲುಕಿಯೂ ಜೀವಂತವಾಗಿ ಸಿಕ್ಕ ಅವರು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ವಯಸ್ಸು 33. ಆ ಠಾಣೆಯಲ್ಲಿದ್ದ ಹತ್ತೂ ಯೋಧರು ಮರಳಲಿಲ್ಲ. ಇಡೀ ದೇಶ ಆ ದಿನ ಮರುಗಿತು. ಮರುಗುವುದು ಸುಲಭ, ಹೆಸರನ್ನೂ ಮನೆಯನ್ನೂ ತಲೆಮಾರುಗಟ್ಟಲೆ ಕಾಯುವುದು ಕಷ್ಟ. ನಮ್ಮ ಹಿರಿಯರು ಮಾಡಿದ್ದು ಆ ಕಷ್ಟದ ಕೆಲಸವನ್ನು.

ಬಾದಾಮಿಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನು ಇರಿಸಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ, ಕೆಳಗಿನಿಂದ ಮೇಲಕ್ಕೆ ಓದುವುದನ್ನು ಕಲಿಸಿರಿ. ನಿಮ್ಮೂರಿನಲ್ಲಿ ಕಲ್ಲಿದ್ದರೆ ಅದಕ್ಕೆ ಸುಣ್ಣ, ಬಣ್ಣ ಬಳಿಯಬೇಡಿರಿ, ಬಟ್ಟೆ ಒಗೆಯಲು ಬಳಸಬೇಡಿರಿ; ರಸ್ತೆ ಕೆಲಸಕ್ಕೆ ಕಿತ್ತರೆ ತಡೆಯಿರಿ. ಫೋಟೊ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಜೊತೆಗೆ, ನಿಮ್ಮೂರಿನಿಂದ ಸೇನೆಗೆ ಹೋಗಿ ಮಡಿದವರ ಹೆಸರುಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಿರಿ, ಅವರ ಮನೆಯವರ ಕಷ್ಟಸುಖ ವಿಚಾರಿಸಿರಿ.